‘ಮುಖವಾಡ’ ತೆಗೆದು ನೋಡಿ

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಕಲಬುರಗಿ ಕಡೆಯ ಆಳಂದದ ಹುಡುಗ ಬೆಂಗಳೂರಿನ ಆಫೀಸಿನಲ್ಲಿ ಒಬ್ಬ, ಊರಲ್ಲಿ ಒಬ್ಬ, ಗೆಳೆಯರ ನಡುವೆ ಇನ್ನೊಬ್ಬ. ವಿಷಯ ಚೆನ್ನಾಗಿದೆ, ಓದಿಸಿಕೊಂಡೂ ಹೋಗುತ್ತದೆ. ಆದರೆ ‘ಮುಖವಾಡ’ ಅನ್ನೋ ಮಾತು ಒಂಬತ್ತು ಸಲ ಬಂದಿದೆ. ಎಣಿಸಿದ್ದೇನೆ.

“ಆಫೀಸಿಗೆ ಕಾಲಿಟ್ಟೊಡನೆ ಮುಖವಾಡ ಧರಿಸಿದೆ” ಅಂತೀರಿ. ಹಾಗಾದರೆ ಊರಿನವನು ನಿಜ, ಆಫೀಸಿನವನು ಸುಳ್ಳಾ? ಅಪ್ಪನ ಮುಂದೆ ಅವನು ಸಿಗರೇಟು ಬಚ್ಚಿಡುತ್ತಾನೆ, ದನಿ ತಗ್ಗಿಸುತ್ತಾನೆ. ನೀವೇ ಬರೆದಿದ್ದೀರಿ. ಅಲ್ಲಿ ಮಾತ್ರ ಮುಖವಾಡ ಇಲ್ವಾ?

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಹೆಸರನ್ನೂ ತಂದಿದ್ದೀರಿ. 1956ರಲ್ಲಿ ಅವರು ದಿನದ ಬದುಕನ್ನು ರಂಗಕ್ಕೆ ಹೋಲಿಸಿದ್ದು ಹೌದು. ಆದರೆ ಇನ್ನೊಂದನ್ನೂ ಹೇಳಿದ್ದರು: ಒಂದು ಗುಂಪಿನ ಮುಂದೆ ನಾವು ಇರುವ ರೀತಿ ಇನ್ನೊಂದು ಗುಂಪಿಗೆ ಕಾಣದ ಹಾಗೆ ನೋಡಿಕೊಳ್ಳುತ್ತೇವೆ, ಎರಡೂ ಒಂದೇ ಕಡೆ ಸೇರಿದರೆ ತಡವರಿಸುತ್ತೇವೆ. ಅಂಥ ಗಳಿಗೆ ನಿಮ್ಮ ಮೂರನೇ ಪುಟದಲ್ಲೇ ಇದೆ! ರಾತ್ರಿ ಆಫೀಸಲ್ಲಿ ಮ್ಯಾನೇಜರ್ ಪಕ್ಕದಲ್ಲಿ ನಿಂತಿರುವಾಗ ಅವ್ವನ ಫೋನ್ ಬರುತ್ತದೆ. ಅವನು ಏನಂತಾನೆ? “ಅಮ್ಮಾ, ನಾನು ಊಟ ಮಾಡಿದ್ದೇನೆ, ನೀನು ಮಲಗಿಕೋ.”

ಆಳಂದದ ಯಾವ ಮಗ ಹೀಗಂತಾನ್ರೀ? “ಉಂಡೀನಿ ಬೇ ಯವ್ವಾ, ನೀ ಮಲ್ಕೋ” ಅಂತಾನೆ. ಆ ‘ಬೇ’ ಅನ್ನುವಾಗ ದನಿ ಇಳಿಸುತ್ತಾನಾ, ಎದ್ದು ಮೆಟ್ಟಿಲ ಕಡೆ ಹೋಗುತ್ತಾನಾ, ಇಲ್ಲಾ ಅಲ್ಲೇ ಕೂತು ಬೆಂಗಳೂರಿನ ಕನ್ನಡದಲ್ಲಿ ಮಾತಾಡಿ, ಅವ್ವ ಗಾಬರಿಯಾಗಿ “ಹಿಂಗ್ಯಾಕ ಮಾತಾಡ್ಲಕತ್ತಿ, ಆರಾಮ ಇದ್ದಿ ಇಲ್ಲ?” ಅಂತ ಕೇಳುತ್ತಾಳಾ? ಅದೇ ಹುಡುಗ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಹಣ್ಣಿನ ಬಂಡಿ ಮುಂದೆ ನಿಂತರೆ “ಕಿತ್ತೆ ಕು ಭಾಯ್” ಅಂತ ದಖನಿ ಉರ್ದುವಿನಲ್ಲಿ ರೇಟು ಕೇಳುತ್ತಾನೆ. ನಮ್ಮ ಕಡೆ ಮನುಷ್ಯ ಬದಲಾಗೋದು ಮೊದಲು ಕಿವಿಗೇ ಗೊತ್ತಾಗುತ್ತದೆ. ನಿಮ್ಮ ಕತೆಯಲ್ಲಿ ಎಲ್ಲರೂ ಪಠ್ಯಪುಸ್ತಕದ ಹಾಗೆ ಮಾತಾಡುತ್ತಾರೆ.

ನಾನು ಪತ್ರಿಕೆಗೆ ಹೊಸದಾಗಿ ಸೇರಿದಾಗ ಶರಣಬಸವೇಶ್ವರ ಜಾತ್ರೆಯ ವರದಿಗೆ ಕಳಿಸಿದ್ದರು. ಒಬ್ಬ ಆಯಿ, ಅಂದರೆ ಅಜ್ಜಿ, “ತೇರು ನೋಡಿದೆ, ಹೊಟ್ಟಿ ತುಂಬಿತ್ರೀ” ಅಂದಳು. ನಾನು “ರಥೋತ್ಸವವನ್ನು ಕಣ್ತುಂಬಿಕೊಂಡು ಧನ್ಯಳಾದೆ” ಅಂತ ಬರೆದೆ. ಹಿರಿಯರು ಕೆಂಪು ಪೆನ್ನು ಹಿಡಿದು ಒಂದೇ ಮಾತು ಕೇಳಿದರು: “ಆಯಿ ಹಿಂಗ ಅಂದಳೇನು?” ಇಲ್ಲ ಅಂದೆ. ಮನೆಯಲ್ಲಿ ನಾನೂ ಆಯಿಯ ಹಾಗೇ ಮಾತಾಡುತ್ತಿದ್ದೆ, ಆಫೀಸಿನಲ್ಲಿ ಆ ಮಾತು ಬಾಯಿಗೆ ಬರದ ಹಾಗೆ ಜಾಸ್ತಿ ಎಚ್ಚರದಿಂದ ಇರುತ್ತಿದ್ದೆ. ಆ ಎಚ್ಚರವನ್ನೇ ಆಯಿಯ ಬಾಯಿಗೂ ಹಾಕಿಬಿಟ್ಟಿದ್ದೆ. ನಿಮ್ಮ ಮೂರನೇ ಪುಟ ಓದುವಾಗ ಆ ಕೆಂಪು ಗೆರೆ ಕಣ್ಣ ಮುಂದೆ ಬಂತು.

ಉಳಿದ ಪುಟ ಸದ್ಯಕ್ಕೆ ಮುಟ್ಟಬೇಡಿ. ಒಂಬತ್ತೂ ‘ಮುಖವಾಡ’ ಹೊಡೆದುಹಾಕಿ, ಫೋನಿನ ದೃಶ್ಯ ಒಂದನ್ನೇ ಮತ್ತೆ ಬರೆದು ಕಳಿಸಿ. ಮ್ಯಾನೇಜರ್ ಅಲ್ಲೇ ನಿಂತಿರಲಿ.