ಟಾರ್ಚಿಗೆ ಅಷ್ಟು ದುಡ್ಡು ಸುರಿಯಬೇಕೇ?

ಪ್ರಶ್ನೆ: ಮಾಮೂಲಿ ಟಾರ್ಚಿನ ಮೇಲೂ ಅದರ ಹತ್ತು ಪಟ್ಟು ಬೆಲೆಯ ಟಾರ್ಚಿನ ಮೇಲೂ ‘1000 ಲುಮೆನ್’ (ಲುಮೆನ್ ಎಂದರೆ ಒಟ್ಟು ಬೆಳಕಿನ ಅಳತೆ) ಎಂದೇ ಬರೆದಿರುತ್ತದೆ. ಹಾಗಾದರೆ ಹೆಚ್ಚಿನ ಹಣ ಯಾವುದಕ್ಕೆ?

ಉತ್ತರ: ಮುಖ್ಯವಾಗಿ ಒಳಗಿನ ಸರ್ಕ್ಯೂಟಿಗೆ. ಅಗ್ಗದ ಟಾರ್ಚಿನಲ್ಲಿ ಸೆಲ್ಲಿಗೂ ಎಲ್‌ಇಡಿಗೂ ನಡುವೆ ಕರೆಂಟಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಇದ್ದರೆ ಹೆಚ್ಚು. ಸೆಲ್ಲಿನ ವೋಲ್ಟೇಜ್ ಇಳಿದ ಹಾಗೆ ಬೆಳಕೂ ಮಂಕಾಗುತ್ತ ಹೋಗುತ್ತದೆ. ಒಳ್ಳೆಯ ಟಾರ್ಚಿನಲ್ಲಿ ಡ್ರೈವರ್ ಎಂಬ ಪುಟ್ಟ ಬೋರ್ಡು ಎಲ್‌ಇಡಿಗೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ, ಬಿಸಿ ಏರಿದರೆ ತಾನೇ ತಗ್ಗಿಸುತ್ತದೆ.

ಲುಮೆನ್ ಲೆಕ್ಕವನ್ನು ಮಾತ್ರ ದುಬಾರಿ ಟಾರ್ಚಿನಲ್ಲೂ ಕಣ್ಣು ಮುಚ್ಚಿ ನಂಬಬೇಡಿ. ಟಾರ್ಚುಗಳನ್ನು ಅಳೆಯುವ ಎಫ್‌ಎಲ್-1 ಎಂಬ ಮಾನದಂಡದ ಪ್ರಕಾರ ಬೆಳಕನ್ನು ಅಳೆಯುವುದು ಸ್ವಿಚ್ ಒತ್ತಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ಉರಿಯುವ ಅವಧಿಯನ್ನೋ, ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗೂ ಎಣಿಸುತ್ತಾರೆ. ಆದ್ದರಿಂದ ‘1000 ಲುಮೆನ್, 3 ಗಂಟೆ’ ಎಂದರೆ ಮೂರು ಗಂಟೆಯೂ ಸಾವಿರ ಎಂದಲ್ಲ. ತಯಾರಕರು ಬೆಳಕು-ಸಮಯದ ನಕ್ಷೆ ಕೊಟ್ಟಿದ್ದರೆ ಅದನ್ನೇ ನೋಡಿ.

ದೂರಕ್ಕೆ ಬೀಳುವ ಬೆಳಕು ಬೇಕಿದ್ದರೆ ಲುಮೆನ್ ಬಿಟ್ಟು ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ) ಹುಡುಕಿ. ಅದರ ವರ್ಗಮೂಲದ ಎರಡರಷ್ಟೇ ಮೀಟರಿನಲ್ಲಿ ದೂರ: 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಅದೂ ಕೊನೆಯಲ್ಲಿ ಬೆಳದಿಂಗಳಷ್ಟು, ಅಂದರೆ 0.25 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಮಾತ್ರ. ಹಾಗಾಗಿ ಸ್ಪಷ್ಟವಾಗಿ ಕಾಣುವ ದೂರ ಅದರ ಅರ್ಧ ಎಂದಿಟ್ಟುಕೊಳ್ಳಿ.

ಮೋಸ ಹಿಡಿಯಲು ಸೆಲ್ಲಿನ ಮೇಲಿನ ಅಂಕಿಯೇ ಸಾಕು. ಟಾರ್ಚುಗಳಲ್ಲಿ ಬಳಸುವ 18650 ಎಂಬ ರೀಚಾರ್ಜ್ ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಹಿಡಿಯುವುದು ಸುಮಾರು 3,500 ಎಂಎಎಚ್ (ಸೆಲ್ಲಿನ ಸಾಮರ್ಥ್ಯದ ಅಳತೆ). ಅದರ ಮೇಲೆ 9,900 ಎಂದು ಅಚ್ಚಾಗಿದ್ದರೆ ಟಾರ್ಚಿನ ಲುಮೆನ್ನೂ ಅದೇ ಬಾಯಿಂದ ಬಂದದ್ದು.

ಮನೆಯಲ್ಲಿ ಕರೆಂಟು ಹೋದಾಗ ಉರಿಸಲು 100–200 ಲುಮೆನ್ ಧಾರಾಳ. ಅದಕ್ಕೆ ದೊಡ್ಡ ಬೆಲೆ ದಂಡ. ರಾತ್ರಿ ಗಂಟೆಗಟ್ಟಲೆ ಹೊರಗೆ ದುಡಿಯುವವರಿಗೆ, ನೀರಿಗೆ ಬೀಳುವ ಕಡೆ ಬಳಸುವವರಿಗೆ ಮಧ್ಯಮ ಬೆಲೆಯದ್ದು ಖಂಡಿತ ಬೇಕು; ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್7 ಗುರುತು ಇದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಅದಕ್ಕೂ ಮೇಲೆ ಕೊಡುವ ದುಡ್ಡೆಲ್ಲ ಹೆಚ್ಚಾಗಿ ಟೈಟಾನಿಯಂ ಮೈಗೆ, ಅಂದಕ್ಕೆ.

ಪ್ರಶ್ನೆ: ಹಿಂಬದಿ ಸ್ವಿಚ್ಚಿನ ಲೋಹದ ಟಾರ್ಚು ಮಿಣುಕುತ್ತದೆ, ತಟ್ಟಿದರೆ ಸರಿಯಾಗುತ್ತದೆ. ಹೊಸದು ಕೊಳ್ಳಬೇಕೇ?

ಉತ್ತರ: ಬೇಡ, ಮೊದಲು ಹಿಂದಿನ ಮುಚ್ಚಳ ಬಿಚ್ಚಿ. ಸೆಲ್ಲಿನ ನೆಗೆಟಿವ್ ತುದಿಗೂ ಟಾರ್ಚಿನ ಬಣ್ಣವಿಲ್ಲದ ಅಂಚಿಗೂ ಒಂದು ವೈರು ಕ್ಷಣಕಾಲ ತಾಗಿಸಿ. ಚೆನ್ನಾಗಿ ಉರಿದರೆ ದೋಷ ಮುಚ್ಚಳದಲ್ಲಿದೆ. ಒಳಗೆ ಸ್ವಿಚ್ಚನ್ನು ಒತ್ತಿ ಹಿಡಿಯುವ, ಎರಡು ತೂತುಗಳ ಲೋಹದ ಉಂಗುರ ಸಡಿಲವಾಗಿರುತ್ತದೆ, ಹೆಚ್ಚಿನ ಸಲ ಇದೇ ಎನ್ನಬಹುದು. ಚೂಪು ಇಕ್ಕಳದ ತುದಿಗಳನ್ನು ತೂತಿಗಿಟ್ಟು ತಿರುಗಿಸಿ ಬಿಗಿ ಮಾಡಿ. ಮುಚ್ಚಳದ ತಿರುಪಿನ ಸುತ್ತುಗಳನ್ನು, ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಅಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ಬರಿಗೈ ತಾಗಿಸದೆ ವಿನೆಗರಿನ ಹತ್ತಿಯಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಕೆಲವು ಬಗೆಯ ರಬ್ಬರು ಅದರಿಂದ ಉಬ್ಬುತ್ತದೆ.