ಯಾವ ರೈಫಲ್ ಅಂತ ಕೇಳುವ ಮೊದಲು ಯಾವ ತೋಟಾ ಅಂತ ಕೇಳಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರಲ್ಲ, ಅವತ್ತಿನಿಂದ ನನಗೆ ಬರುವ ಪತ್ರಗಳ ವರಸೆಯೇ ಬದಲಾಗಿದೆ. ಏರ್ ರೈಫಲ್ ಬಗ್ಗೆ ಕೇಳುತ್ತಿದ್ದವರೆಲ್ಲ ಈಗ .22 ರೈಫಲ್, ಅಂದರೆ ಸುಮಾರು 0.22 ಇಂಚು ಅಗಲದ ಸಣ್ಣ ಗುಂಡು ಹೊಡೆಯುವ ರೈಫಲ್ ಬಗ್ಗೆ ಕೇಳುತ್ತಿದ್ದಾರೆ. ಒಳ್ಳೆಯದೇ. ಆದರೆ ಎಲ್ಲರದ್ದೂ ಒಂದೇ ಪ್ರಶ್ನೆ, ಅದೂ ಉಲ್ಟಾ ಕಡೆಯಿಂದ ಶುರುವಾಗುವ ಪ್ರಶ್ನೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಅದಕ್ಕೇ. ತೋಟಾ ಒಳಗೆ ತಳ್ಳುವ ಬೋಲ್ಟ್ ಹೇಗೆ ಎಳೆಯಬೇಕು, ಲೈಸೆನ್ಸ್ ಅರ್ಜಿ ಎಲ್ಲಿ ಸಿಗುತ್ತದೆ ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಮೊದಲು ಕ್ಲಬ್‌ಗೆ ಸೇರಿ.

"ಸಾರ್, ಟಾರ್ಗೆಟ್ ಶೂಟಿಂಗ್‌ಗೆ ಲೈಸೆನ್ಸ್ ಆಗಿದೆ. ಬೋಲ್ಟ್ ಆಕ್ಷನ್, ಬಿಚ್ಚಿ ಹಾಕುವ ಮ್ಯಾಗಜೀನ್ ಇರುವ .22 ರೈಫಲ್ ಬೇಕು. ಗನ್ ಹೌಸ್‌ನವರು ಹಳೇ ಬ್ರನೋ ತೋರಿಸಿದರು. ಸ್ನೇಹಿತರು ಆರ್ಡ್‌ನೆನ್ಸ್ ಫ್ಯಾಕ್ಟರಿಯದ್ದೇ ಸಾಕು ಅಂತಾರೆ. ಯೂಟ್ಯೂಬ್‌ನಲ್ಲಿ ನೋಡಿದರೆ ಸಿಜೆಡ್ 457, ಟಿಕ್ಕಾ ಟಿ1ಎಕ್ಸ್ ಅಂತಾರೆ. ಯಾವುದು ಜಾಸ್ತಿ ನಿಖರ? ಮ್ಯಾಗಜೀನ್ ಇದ್ದರೆ ಗುರಿ ಕೆಡುತ್ತೆ ಅಂತಾರಲ್ಲ, ನಿಜವಾ?" (ದಾವಣಗೆರೆ ವಿದ್ಯಾನಗರದ ಓದುಗರು)

ಮೊದಲು ಒಂದು ಮಾತು ಹೇಳಿ. ಯಾವ ಆಟಕ್ಕೆ? ಕುಸಾಳೆ ಆಡಿದ ಆಟಕ್ಕೆ ಅಂದರೆ ಮ್ಯಾಗಜೀನ್ (ತೋಟಾ ತುಂಬಿಡುವ ಡಬ್ಬಿ) ನಿಮಗೆ ಬೇಕಾಗೇ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್ಎಸ್ಎಫ್) ನಿಯಮದ ಪ್ರಕಾರ 50 ಮೀಟರ್ ರೈಫಲ್‌ಗೆ ಒಂದೊಂದೇ ತೋಟಾ ಕೈಯಿಂದ ತುಂಬಬೇಕು. ಅಲ್ಲಿ ಬಳಸುವುದು ಸಿಂಗಲ್ ಶಾಟ್ ಟಾರ್ಗೆಟ್ ರೈಫಲ್. ಮ್ಯಾಗಜೀನ್ ಅಂತ ಹಠ ಹಿಡಿದು ದುಡ್ಡು ಸುರಿದು, ಆಮೇಲೆ ಸ್ಪರ್ಧೆಗೆ ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ಅಭ್ಯಾಸಕ್ಕೆ, ಕ್ಲಬ್ಬಿನ ಸಣ್ಣಪುಟ್ಟ ಪಂದ್ಯಕ್ಕೆ, ಸುಮ್ನೆ ಖುಷಿಗೆ ಅಂದರೆ ಮ್ಯಾಗಜೀನ್ ರೈಫಲ್ ಆರಾಮ. ಮುಂದಿನದ್ದು ಅಂಥವರಿಗೆ.

ಮ್ಯಾಗಜೀನ್ ಇದ್ದ ಮಾತ್ರಕ್ಕೆ ಗುರಿ ಕೆಡುವುದಿಲ್ಲ. ಬಯಾಥ್ಲಾನ್ ನೋಡಿ. ಹಿಮದಲ್ಲಿ ಸ್ಕೀ ಓಡಿಸಿಕೊಂಡು ಬಂದು, ಏದುಸಿರು ಬಿಡುತ್ತಾ, ಐದು ತೋಟಾ ಹಿಡಿಯುವ ಮ್ಯಾಗಜೀನ್ ಹಾಕಿ 50 ಮೀಟರ್‌ನಲ್ಲಿ 45 ಮಿಲಿಮೀಟರ್ ಅಗಲದ ಗುರಿಗೆ ಮಲಗಿ ಹೊಡೆಯುತ್ತಾರೆ. ಅದೂ .22 ರೈಫಲ್ಲೇ. ಹಾಗಾದರೆ ತೊಂದರೆ ಎಲ್ಲಿ? ಮ್ಯಾಗಜೀನ್‌ನಿಂದ ಚೇಂಬರ್‌ಗೆ, ಅಂದರೆ ಬ್ಯಾರೆಲ್ ಹಿಂತುದಿಯಲ್ಲಿ ತೋಟಾ ಕೂರುವ ಜಾಗಕ್ಕೆ, ತೋಟಾ ಹೋಗುವ ಆ ಒಂದಿಂಚು ದಾರಿಯಲ್ಲಿ.

.22ರ ಗುಂಡು ಮೆತ್ತಗಿನ ಸೀಸ. ಮೇಲೆ ತಾಮ್ರದ ಕವಚ ಇರುವುದಿಲ್ಲ, ಮೇಣವೋ ಜಿಡ್ಡೋ ಸವರಿರುತ್ತಾರೆ, ಅಷ್ಟೇ. ಮ್ಯಾಗಜೀನ್ ತುಟಿ ಸ್ವಲ್ಪ ಬಾಗಿದ್ದರೆ, ಇಲ್ಲವೇ ಮ್ಯಾಗಜೀನ್ ತನ್ನ ಗೂಡಿನಲ್ಲಿ ಅಲ್ಲಾಡುತ್ತಿದ್ದರೆ, ಗುಂಡಿನ ಮೂತಿ ಚೇಂಬರ್ ಅಂಚಿಗೆ ತಾಗುತ್ತದೆ. ಸೀಸ ಕೆರೆದುಹೋಗುತ್ತದೆ. ಒಂದು ಪಕ್ಕ ತೂಕ ಕಳೆದುಕೊಂಡ ಗುಂಡು ಗಿರಗಿರ ತಿರುಗುವಾಗ ನೇರ ಹೋಗುತ್ತದಾ? ನಾಲ್ಕು ಗುಂಡು ಒಟ್ಟಿಗೆ ಕೂತು ಐದನೆಯದು ಎಲ್ಲೋ ಹೋಗಿ ಬೀಳುವುದು ಬಹಳ ಸಲ ಇದರಿಂದ. ನಿಮ್ಮ ಉಸಿರಾಟದ ತಪ್ಪು ಅಂತ ಕೋಚ್ ಬೈಯುತ್ತಿರುತ್ತಾರೆ.

ನೋಡುವುದು ಸುಲಭ. ರೇಂಜ್‌ನಲ್ಲಿ, ಬ್ಯಾರೆಲ್ ಬಾಯಿ ಟಾರ್ಗೆಟ್ ಕಡೆಗೇ ಇರಲಿ. ಮ್ಯಾಗಜೀನ್‌ನಿಂದ ಒಂದು ತೋಟಾ ನಿಧಾನಕ್ಕೆ ಚೇಂಬರ್‌ಗೆ ತಳ್ಳಿ. ಟ್ರಿಗರ್ ಹತ್ತಿರ ಬೆರಳು ಬೇಡ. ಮತ್ತೆ ಬೋಲ್ಟ್ ಎಳೆದು ಹೊರಗೆ ತೆಗೆಯಿರಿ. ಬಿಸಿಲಿಗೆ ಹಿಡಿದು ಗುಂಡನ್ನು ಬೆರಳಲ್ಲಿ ಸುತ್ತಿಸಿ ನೋಡಿ. ಸುತ್ತಲೂ ಒಂದೇ ಅಂತರದಲ್ಲಿ ಸಣ್ಣ ಗೀರು ಬಿದ್ದಿದ್ದರೆ ಹೆದರಬೇಡಿ. ಗುಂಡು ರೈಫ್ಲಿಂಗ್‌ಗೆ (ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳಿಗೆ) ತಾಗಿ ಕೂತಿದೆ ಎಂದರ್ಥ, ಬಿಗಿ ಚೇಂಬರ್‌ನ ಲಕ್ಷಣ. ಒಂದೇ ಪಕ್ಕದಲ್ಲಿ ಹೊಸ ಸೀಸ ಪಳಪಳ ಹೊಳೆಯುತ್ತಿದ್ದರೆ, ಮೂತಿ ಚಪ್ಪಟೆಯಾಗಿದ್ದರೆ, ಕಳ್ಳ ಸಿಕ್ಕಿದ. ಇನ್ನೂ ಅನುಮಾನವಾ? ಮ್ಯಾಗಜೀನ್‌ನಿಂದ ಐದು, ಕೈಯಿಂದ ಒಂದೊಂದೇ ಹಾಕಿ ಐದು, ಹೀಗೆ ಬದಲಿಸಿ ಬದಲಿಸಿ ಹೊಡೆಯಿರಿ. ಕೈಯಿಂದ ಹಾಕಿದ್ದು ಪ್ರತಿ ಸಲ ಒಟ್ಟಾಗಿ ಕೂತು, ಮ್ಯಾಗಜೀನ್‌ನದ್ದು ಚದುರಿದರೆ ಬ್ಯಾರೆಲ್ ಚೆನ್ನಾಗಿದೆ, ಮ್ಯಾಗಜೀನ್ ಕೆಟ್ಟಿದೆ. ಬೇರೆ ಮ್ಯಾಗಜೀನ್ ಹಾಕಿದರೆ ಮುಗಿಯಿತು.

ಆದರೆ ಆ ಬೇರೆ ಮ್ಯಾಗಜೀನ್ ಎಲ್ಲಿದೆ? ಇದನ್ನು ಯಾರೂ ಕೇಳುವುದಿಲ್ಲ! ನಮ್ಮಲ್ಲಿ ಸಾಮಾನ್ಯ ಲೈಸೆನ್ಸ್‌ದಾರ ತನ್ನಷ್ಟಕ್ಕೆ ಹೊರದೇಶದಿಂದ ಬಂದೂಕು ತರಿಸುವ ಬಾಗಿಲು 1980ರ ದಶಕದಲ್ಲೇ ಮುಚ್ಚಿತು. ತರಿಸುವ ಅವಕಾಶ ಇರುವುದು ಹೆಸರು ಮಾಡಿದ ಶೂಟರ್‌ಗಳಿಗೆ, ಕ್ರೀಡಾ ಸಂಸ್ಥೆಗಳಿಗೆ. ಹಾಗಾಗಿ ಯೂಟ್ಯೂಬ್‌ನಲ್ಲಿ ಕಾಣುವ ರೈಫಲ್ ಬೇರೆ, ಅಂಗಡಿ ಕಪಾಟಿನಲ್ಲಿ ಸಿಗುವುದು ಬೇರೆ. ಕಳೆದುಹೋದ ಒಂದು ಮ್ಯಾಗಜೀನ್‌ಗೋಸ್ಕರ ವರ್ಷಗಟ್ಟಲೆ ಅಲೆಯುವವರಿದ್ದಾರೆ. ಅದಕ್ಕೇ ಹೇಳುವುದು, ಎರಡು ಮ್ಯಾಗಜೀನ್ ಕೊಡದ ಹಳೇ ರೈಫಲ್‌ಗೆ ಮುಂಗಡ ಕೊಡಬೇಡಿ. ಸಿಜೆಡ್‌ನಲ್ಲಿ ಒಂದು ಅನುಕೂಲ ಇದೆ. 452, 455, 457 ಮೂರು ಮಾಡೆಲ್‌ಗೂ ಅದೇ ಮ್ಯಾಗಜೀನ್ ಆಗುತ್ತದೆ.

ಇನ್ನು ಯಾವುದು ನಿಖರ ಅನ್ನುವುದು. ಸಿಜೆಡ್ 457, ಟಿಕ್ಕಾ ಟಿ1ಎಕ್ಸ್, ಆನ್‌ಶುಟ್ಸ್ ಎಲ್ಲವೂ ಒಳ್ಳೆಯವೇ. ನಿಮ್ಮ ಕೈಗಿಂತ ಚೆನ್ನಾಗಿ ಹೊಡೆಯುತ್ತವೆ. ಹಳೇ ಬ್ರನೋ ಕೂಡ ಸಿಜೆಡ್ ಮನೆತನದ್ದೇ, ಬ್ಯಾರೆಲ್ ಹಾಳಾಗಿಲ್ಲದಿದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಬ್ಯಾರೆಲ್ ಮೇಲಿನ ಹೊರದೇಶದ ಮುದ್ರೆಗೇ ಎರಡು ಪಟ್ಟು ರೇಟು ಹೇಳಿದರೆ ಮಾತ್ರ ಎದ್ದು ಬನ್ನಿ. ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯದ್ದು? ಒಂದೊಂದು ರೈಫಲ್ ಒಂದೊಂದು ಥರ. ಹೊಡೆದು ನೋಡದೆ ನಾನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ.

ಈಗ ಅಸಲು ವಿಷಯ. .22 ರೈಫಲ್‌ಗೆ ಬಲು ನಖರಾ. ಒಂದಕ್ಕೆ ಒಗ್ಗಿದ ತೋಟಾ ಅದೇ ಕಂಪನಿಯ, ಅದೇ ಮಾಡೆಲ್‌ನ ಪಕ್ಕದ ರೈಫಲ್‌ಗೆ ಒಗ್ಗದೇ ಇರಬಹುದು. ಕಾರಣ ಇದೆ. ಸಿಡಿಯುವ ಮದ್ದು ತೋಟಾದ ಅಂಚಿನ ಒಳಗೆ ಸುತ್ತ ಹರಡಿರುತ್ತದೆ. ಅದು ಒಂದೇ ಸಮ ಹರಡದಿದ್ದರೆ, ಅಂಚಿನ ದಪ್ಪ ಕೂದಲೆಳೆಯಷ್ಟು ಬದಲಾದರೆ, ವೇಗ ಹೆಚ್ಚುಕಡಿಮೆ ಆಗುತ್ತದೆ. ಸೆಂಟರ್‌ಫೈರ್ (ತಳದ ನಡುವಿಗೆ ಪಿನ್ ಬಡಿಯುವ ತೋಟಾ) ಹೊಡೆಯುವವರ ಥರ ಮನೆಯಲ್ಲಿ ಮದ್ದು ತುಂಬಿ ಸರಿಮಾಡಿಕೊಳ್ಳುವ ಹಾಗೂ ಇಲ್ಲ. ಕೊಂಡಿದ್ದೇ ಗತಿ. ಆದ್ದರಿಂದ ನಿಮ್ಮ ಗನ್ ಹೌಸ್‌ನವರನ್ನು ಮೊದಲು ಕೇಳಬೇಕಾದ್ದು, ವರ್ಷಪೂರ್ತಿ ಯಾವ ತೋಟಾ ಕೊಡ್ತೀರಿ ಅಂತ. ಪುಣೆಯ ಖಡಕಿ ಸರ್ಕಾರಿ ಕಾರ್ಖಾನೆಯದ್ದು ಮಾತ್ರ ಅಂದರೆ, ಖಡಕಿ ತೋಟಾ ಹಾಕಿಯೇ ರೈಫಲ್ ಪರೀಕ್ಷೆ ಮಾಡಿ. ಎಲಿ ಟೆನೆಕ್ಸ್ ಥರದ ಸ್ಪರ್ಧೆಯ ಮ್ಯಾಚ್ ತೋಟಾ ಹಾಕಿ ತೋರಿಸಿದ ಗ್ರೂಪ್ (ಟಾರ್ಗೆಟ್ ಮೇಲೆ ಗುಂಡುಗಳು ಒಟ್ಟಾಗಿ ಬಿದ್ದ ಗುಂಪು) ನೋಡಿ ಕೊಂಡುಕೊಂಡು, ಮನೆಗೆ ಬಂದು ಬೇರೇನೋ ಹೊಡೆದರೆ ಆ ಗ್ರೂಪ್ ಬರುತ್ತದಾ? ನಿಮ್ಮ ಲೈಸೆನ್ಸ್‌ನಲ್ಲಿ ವರ್ಷಕ್ಕೆ ಎಷ್ಟು ತೋಟಾ ಅಂತ ಬರೆದಿದೆಯೋ ಅದನ್ನೂ ಒಮ್ಮೆ ನೋಡಿಕೊಳ್ಳಿ.

ಪರೀಕ್ಷೆ ಹೀಗೆ. ಮುಂದೆ, ಹಿಂದೆ ಎರಡೂ ಕಡೆ ಮರಳು ಚೀಲ. ಗಾಳಿ ಇಲ್ಲದ ಬೆಳಗಿನ ಹೊತ್ತು. 50 ಮೀಟರ್. ತೋಟಾ ಬದಲಿಸಿದಾಗ ಮೊದಲ ಹತ್ತು ಹದಿನೈದು ಗುಂಡು ಲೆಕ್ಕಕ್ಕೆ ಬೇಡ, ಬ್ಯಾರೆಲ್‌ನಲ್ಲಿ ಹಿಂದಿನ ಮೇಣ ಹೋಗಿ ಹೊಸದು ಹಿಡಿಯಲಿ. ಆಮೇಲೆ ಐದು ಗುಂಡಿನ ನಾಲ್ಕು ಗ್ರೂಪ್ ಆದರೂ ಹೊಡೆಯಿರಿ, ನಾಲ್ಕರ ಸರಾಸರಿ ನೋಡಿ. ವಾಟ್ಸಾಪ್‌ನಲ್ಲಿ ಓಡಾಡುವುದು ಎಲ್ಲರ ಜೀವನದ ಒಂದೇ ಒಂದು ಒಳ್ಳೇ ಗ್ರೂಪ್. ಸರಾಸರಿ ಅಗಲ 15ರಿಂದ 20 ಮಿಲಿಮೀಟರ್ ಒಳಗೆ ಬಂದರೆ ಮ್ಯಾಗಜೀನ್ ರೈಫಲ್‌ಗೆ ನಾನು ಶಹಭಾಸ್ ಅನ್ನುತ್ತೇನೆ. ಒಲಿಂಪಿಕ್ ಟಾರ್ಗೆಟ್‌ನ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಅಗಲ, ಅದು ಬೇರೆ ಲೋಕ.

ಹಳೇ ರೈಫಲ್ ಆದರೆ, ಮಾರುವವರು ತಮ್ಮ ಲೈಸೆನ್ಸ್ ಹಿಡಿದುಕೊಂಡು ರೈಫಲ್‌ನ್ನು ರೇಂಜ್‌ಗೆ ತರಲಿ. ಬರಲ್ಲ ಅಂದರೆ ಬಿಟ್ಟುಬಿಡಿ. ಬಂದರೆ, ಬ್ಯಾರೆಲ್ ಬಾಯಿಯ ಅಂಚನ್ನು ಹತ್ತಿಯಲ್ಲಿ ಮೆಲ್ಲಗೆ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಬಿದ್ದಿದೆ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು, ಬೇರೆಲ್ಲ ಸರಿ ಇದ್ದೂ ಅದೊಂದು ಕೆಟ್ಟರೆ ರೈಫಲ್ ಕೆಟ್ಟಂತೆ. ಬಾಯಿ ಕಡೆಯಿಂದ ಕಬ್ಬಿಣದ ಸರಳು ತೂರಿಸಿ ಕ್ಲೀನ್ ಮಾಡುವವರ ರೈಫಲ್‌ಗಳಲ್ಲಿ ಇದು ಖಂಡಿತ. ಆಮೇಲೆ ಚೇಂಬರ್ ಅಂಚು. ತೋಟಾ ಇಲ್ಲದೆ ಟಕ್ ಟಕ್ ಅಂತ ಟ್ರಿಗರ್ ಒತ್ತಿದ್ದರೆ ಫೈರಿಂಗ್ ಪಿನ್ ಅಲ್ಲಿ ಗುಳಿ ಮಾಡಿರಬಹುದು. ಬೋಲ್ಟ್, ಬಾಡಿ ಎರಡರ ನಂಬರೂ ಲೈಸೆನ್ಸ್‌ನ ನಂಬರೂ ತಾಳೆ ಆಗಬೇಕು.

ಕೊನೆಗೆ ರಿಪೇರಿ ಪಂಡಿತರ ವಿಷಯ. "ಬ್ಯಾರೆಲ್ ಒಳಗೆ ಪಾಲಿಶ್ ಹೊಡೆದುಕೊಡ್ತೀನಿ, ಟ್ರಿಗರ್ ಬೆಣ್ಣೆ ಥರ ಮಾಡ್ತೀನಿ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಉಜ್ಜಿ ಹಗುರ ಮಾಡಿದ ಟ್ರಿಗರ್ ರೈಫಲ್ ನೆಲಕ್ಕೆ ತಾಗಿದಾಗ ತಾನೇ ಗುಂಡು ಹಾರಿಸಿಬಿಡಬಹುದು. ಬ್ಯಾರೆಲ್ ತುದಿ ಸ್ವಲ್ಪ ಕತ್ತರಿಸೋಣ ಅಂದರಂತೂ ಅಲ್ಲಿಂದ ಓಡಿ. ಅದಕ್ಕೆ ಬೇಕಾದ ಲೈಸೆನ್ಸ್ ಇಲ್ಲದೆ ಬ್ಯಾರೆಲ್ ಮೊಟಕು ಮಾಡುವುದು ಆಯುಧ ಕಾಯ್ದೆಯಲ್ಲಿ ಅಪರಾಧ.

"ಉದ್ದ ಬ್ಯಾರೆಲ್ ಜಾಸ್ತಿ ನಿಖರ ಅಲ್ವಾ?" (ಹರಿಹರ)

ಅಲ್ಲ. .22ರ ಮದ್ದು ಸುಮಾರು 16 ಇಂಚಿನೊಳಗೇ ತನ್ನ ಕೆಲಸ ಮುಗಿಸುತ್ತದೆ. ಕಬ್ಬಿಣದ ಸೈಟ್ ಇಟ್ಟುಕೊಂಡು ಹೊಡೆಯುವವರಿಗೆ ಉದ್ದ ಇದ್ದರೆ ಗುರಿ ಹಿಡಿಯಲು ಅನುಕೂಲ, ಅಷ್ಟೇ.

"ಚಿತ್ರದುರ್ಗದ ಗಾಳಿಗೆ ಹೈ ವೆಲಾಸಿಟಿ ತೋಟಾ ಒಳ್ಳೆಯದು ಅಂತ ಹೇಳಿದರು. ಜೋರಾಗಿ ಹೋದರೆ ಗಾಳಿ ಕಡಿಮೆ ತಾಗುತ್ತೆ ಅಲ್ವಾ?" (ಚಿತ್ರದುರ್ಗ)

ಜೋಗಿಮಟ್ಟಿ ಕಡೆ ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಆಷಾಢದಲ್ಲಿ ನಿಮ್ಮೂರಲ್ಲಿ ಹೊಡೆಯುವುದು ಕಷ್ಟ, ಒಪ್ಪಿದೆ. ಆದರೆ .22ರಲ್ಲಿ ಲೆಕ್ಕ ತಿರುಗಾಮುರುಗಾ. ಶಬ್ದದ ವೇಗಕ್ಕಿಂತ ಜೋರಾಗಿ ಹೊರಟ ಗುಂಡನ್ನು ಗಾಳಿ ಜಾಸ್ತಿ ತಡೆಯುತ್ತದೆ. ಹೀಗೆ ದಾರಿಯಲ್ಲಿ ಎಷ್ಟು ವೇಗ ಕಳೆದುಕೊಳ್ಳುತ್ತದೋ ಅಷ್ಟು ಪಕ್ಕಕ್ಕೆ ಸರಿಯುತ್ತದೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಗೆ 50 ಮೀಟರ್‌ನಲ್ಲಿ ಸಾಮಾನ್ಯ ತೋಟಾ ಸುಮಾರು 25 ಮಿಲಿಮೀಟರ್ ಸರಿದರೆ, ಹೈ ವೆಲಾಸಿಟಿ ಅದಕ್ಕಿಂತ ಜಾಸ್ತಿ ಸರಿಯುತ್ತದೆ. ಮ್ಯಾಚ್ ತೋಟಾಗಳನ್ನು ಶಬ್ದದ ವೇಗಕ್ಕಿಂತ ಕಡಿಮೆ ಇಟ್ಟು ಮಾಡುವುದು ಸುಮ್ಮನೆ ಅಲ್ಲ. ಬೆಳಿಗ್ಗೆ ಬೇಗ ಎದ್ದು ಹೊಡೆಯಿರಿ.

"ಎನ್‌ಸಿಸಿ ನೋಟ್ಸ್‌ನಲ್ಲಿ .22ರ ವೇಗ ಸೆಕೆಂಡಿಗೆ 2700 ಅಡಿ ಅಂತ ಇದೆ. ಸರಿಯಾ?" (ದಾವಣಗೆರೆಯ ಕೆಡೆಟ್)

ತಪ್ಪು. ಸಾಮಾನ್ಯ ತೋಟಾ 1,100 ಅಡಿಯ ಆಸುಪಾಸು. ಪರೀಕ್ಷೆಯಲ್ಲಿ ಅವರು ಕೇಳಿದ್ದು ಬರೆಯಿರಿ, ರೇಂಜ್‌ನಲ್ಲಿ ನಾನು ಹೇಳಿದ್ದು ನೆನಪಿಡಿ.

"ಮೆಕ್ಕೆಜೋಳಕ್ಕೆ ಹಂದಿ ಕಾಟ. .22 ಸಾಕಾಗುತ್ತಾ?" (ಜಗಳೂರು)

ಇಲ್ಲ. 2.6 ಗ್ರಾಂ ಸೀಸಕ್ಕೆ ಹಂದಿ ಸಾಯುವುದಿಲ್ಲ, ಗಾಯ ಮಾಡಿಕೊಂಡು ಪಕ್ಕದ ಹೊಲದವರ ಮೇಲೆ ನುಗ್ಗುತ್ತದೆ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೊಡೆದರೆ ಕೇಸು ಬೇರೆ. ನಿಮ್ಮ ತಾಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ, ಕತ್ತಲಲ್ಲಿ ಗುಂಡು ಯಾವುದಕ್ಕೆ ತಾಗಿತು ಅಂತ ಯಾರಿಗೆ ಗೊತ್ತು? ಪರಿಹಾರದ ಅರ್ಜಿ ಹಾಕಿ, ಬೇಲಿ ಮಾಡಿ.

"ಚಂದ್ರವಳ್ಳಿ ಆಚೆ ಬಂಡೆಗಳ ಹತ್ತಿರ ಯಾರೂ ಇರಲ್ಲ. ಅಲ್ಲಿ ಗುಂಡು ಹೊಡೆದು ರೈಫಲ್‌ನ ಸೈಟ್ ಸರಿಮಾಡಿಕೊಳ್ಳಬಹುದಾ?" (ಚಿತ್ರದುರ್ಗ)

ಬೇಡವೇ ಬೇಡ. .22 ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು, ಬಂಡೆಗೆ ತಾಗಿ ಎತ್ತ ಬೇಕಾದರೂ ತಿರುಗುತ್ತದೆ. ಯಾರೂ ಇರಲ್ಲ ಅಂದುಕೊಂಡ ಕಡೆಯೇ ಕುರಿ ಕಾಯುವವರು ಮಲಗಿರುತ್ತಾರೆ. ಲೈಸೆನ್ಸ್ ಹೋಗುತ್ತದೆ, ನೀವೂ ಒಳಗೆ ಹೋಗುತ್ತೀರಿ.

"ಆಯುಧ ಪೂಜೆಗೆ ರೈಫಲ್‌ಗೆ ಕುಂಕುಮ ಇಟ್ಟು, ಕೊಬ್ಬರಿ ಎಣ್ಣೆ ಸವರಿದ್ದೆ. ಈಗ ಮ್ಯಾಗಜೀನ್‌ನಲ್ಲಿ ತೋಟಾ ಮೇಲೆ ಬರ್ತಿಲ್ಲ." (ಹೊಳಲ್ಕೆರೆ)

ಪ್ರತಿ ದಸರಾ ಆದಮೇಲೆ ಈ ಪತ್ರ ಬರುತ್ತದೆ! ಪೂಜೆ ಮಾಡಿ, ಯಾರು ಬೇಡ ಅಂದರು? ಖಾಲಿ ರೈಫಲ್‌ನ ಮರದ ಹಿಡಿಗೆ ಬೊಟ್ಟು ಇಟ್ಟು ಹೂವು ಮುಡಿಸಿ. ಮ್ಯಾಗಜೀನ್, ಬೋಲ್ಟ್ ಎರಡಕ್ಕೂ ಕುಂಕುಮ ತಾಗಬಾರದು. ಕೊಬ್ಬರಿ ಎಣ್ಣೆ ಬಂದೂಕಿಗೆ ಅಲ್ಲ, ಚಳಿಗೆ ಗಟ್ಟಿಯಾಗುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಮ್ಯಾಗಜೀನ್ ಖಾಲಿ ಮಾಡಿ, ತಳ ಬಿಚ್ಚಿ, ಸ್ಪ್ರಿಂಗ್ ಯಾವ ಕಡೆಗೆ ಕೂತಿತ್ತು ಅಂತ ಮೊದಲು ಫೋನಲ್ಲಿ ಫೋಟೊ ತೆಗೆದುಕೊಳ್ಳಿ. ಒಳಗೆಲ್ಲ ಒಣ ಬಟ್ಟೆಯಲ್ಲಿ ಒರೆಸಿ. ಗನ್ ಆಯಿಲ್ ಹಚ್ಚಿ ಮತ್ತೆ ಪೂರ್ತಿ ಒರೆಸಿಬಿಡಿ, ಮ್ಯಾಗಜೀನ್ ಒಳಗೆ ಜಿಡ್ಡು ಉಳಿಯಬಾರದು. ಇಷ್ಟಾದ ಮೇಲೂ ತೋಟಾ ಮೇಲೆ ಬರದಿದ್ದರೆ ಸ್ಪ್ರಿಂಗ್ ತಿರುಗಿ ಕೂತಿರುತ್ತದೆ, ಫೋಟೊ ನೋಡಿ ಇನ್ನೊಮ್ಮೆ ಹಾಕಿ.