ಪಕ್ಕದವರ ಬೋರ್‌ನಿಂದ ನಮ್ಮ ಬಾವಿ ಬತ್ತಿದೆ. ಕೇಸು ಹಾಕಲೋ, ನಾನೂ ಇನ್ನೂ ಆಳಕ್ಕೆ ಹೊಡೆಸಲೋ?

ಎರಡೂ ಬೇಡ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನಲ್ಲಿ: 'ಬಾವಿಯ ಪಕ್ಕ ನಮ್ಮದೂ ಒಂದು ಫೇಲಾದ ಬೋರ್ ಇದೆ.'

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ನಿಂಬೆ. ಅಜ್ಜ ತೋಡಿಸಿದ 50 ಅಡಿ ಬಾವಿಯಲ್ಲಿ ಮೇ ತಿಂಗಳಲ್ಲೂ ಆಳೆತ್ತರ ನೀರಿರುತ್ತಿತ್ತು. ಒಂದು ಬೇಸಿಗೆ ಪಕ್ಕದ ಹೊಲದ ಕಾಕಾ ಬೋರ್ ಹೊಡೆಸಿದರು. ನನಗೆ ತಡೆಯಲಾಗಲಿಲ್ಲ, ಅದೇ ಗಾಡಿಯನ್ನು ನಮ್ಮ ಹೊಲಕ್ಕೆ ತಿರುಗಿಸಿದೆ. ತೆಂಗಿನಕಾಯಿ ಹಿಡಿದು ನೀರಿನ ಜಾಗ ಹೇಳುವವ ಬಾವಿಯಿಂದ ಇಪ್ಪತ್ತು ಹೆಜ್ಜೆಗೆ ಪಾಯಿಂಟ್ ತೋರಿಸಿದ. 600 ಅಡಿ ಹೋದರೂ ಬರೀ ಧೂಳು. ಹದಿನೈದು ದಿನದಲ್ಲಿ ಬಾವಿಯೂ ತಳ ಕಂಡಿತು.

ಕಾಕಾನ ಮೇಲೆ ಹರಿಹಾಯ್ದೆ. ವಕೀಲರ ಹತ್ತಿರವೂ ಹೋದೆ. ಅವರು 1882ರ ಈಸ್‌ಮೆಂಟ್ ಕಾಯ್ದೆ ತೆಗೆದು, ನೆಲದಡಿ ಗೊತ್ತಾದ ಕಾಲುವೆಯಾಗಿ ಹರಿಯದ ನೀರನ್ನು ಹೊಲದ ಮಾಲೀಕ ಎತ್ತಿಕೊಳ್ಳಬಹುದು ಎಂದರು. 2011ರ ರಾಜ್ಯದ ಅಂತರ್ಜಲ ಕಾಯ್ದೆ ಬಂದ ಮೇಲೆ ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಅಂತರ್ಜಲ ಕಾಯಲು ಸರ್ಕಾರ ಗುರುತಿಸಿದ ಕಡೆ, ಬೋರು ಹೊಡೆಸುವ ಮೊದಲು ಅನುಮತಿ ಬೇಕು. 'ನೀ ಅನುಮತಿ ತಗೊಂಡಿದ್ದೇನು?' ಎಂದು ಕೇಳಿದರು. ಎದ್ದು ಬಂದೆ.

ಕೊನೆಗೆ ನನಗೆ ದಾರಿ ತೋರಿಸಿದವರು ಅದೇ ಕಾಕಾ. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತಿತ್ತು. ನೀರು ಹಾಯಿಸಲು ಬಂದವರು ಬದುವಿನ ಆಚೆಯಿಂದಲೇ ಕೂಗಿದರು: 'ತಮ್ಮಾ, ನಿನ್ನ ಬೋರಿಗೆ ಕಿವಿ ಹಚ್ಚಿ ನೋಡು. ಒಳಗ ನೀರು ಬೀಳಾಕತ್ತದ.'

ಹೌದು, ಬೀಳುತ್ತಿತ್ತು. ನಾನು ಮಾಡಿದ ತಪ್ಪು ಇಷ್ಟೇ: ತೂತಿನ ಮೇಲ್ಭಾಗದ ಗೋಡೆಗೆ ಆಸರೆಯಾಗಿ ಇಳಿಸುವ ಕೇಸಿಂಗ್ ಪೈಪಿಗೆ ಅಡಿ ಲೆಕ್ಕದಲ್ಲಿ ದುಡ್ಡು ಅಂತ 20 ಅಡಿಗೇ ಸಾಕು ಅಂದೆ. ನಮ್ಮ ಕಡೆ ನೆಲ ಪದರ ಪದರ ಕರಿಕಲ್ಲು. ಮೇಲೆ ಎರಿ ಅಂದರೆ ಕಪ್ಪು ಮಣ್ಣು, ಅದರಡಿ ಗರಸು ಅಂದರೆ ಪುಡಿಗಲ್ಲಿನ ಮಣ್ಣು, ಅದರಡಿ ಬಿರುಕು ಬಿಟ್ಟ ಬಂಡೆ. ಬಾವಿಗೆ ಸೆಲೆ ಬರುವುದು 30-45 ಅಡಿಯ ಆ ಬಿರುಕುಗಳಿಂದ. ಪೈಪು 20ಕ್ಕೆ ಮುಗಿಯಿತು, ತೂತು ಮಾತ್ರ 600ರವರೆಗೆ ಬತ್ತಲೆ. ಬಾವಿಗೆ ಬರಬೇಕಾದ ಸೆಲೆ ಆ ತೂತಿಗೆ ಇಳಿದು, ಕೆಳಗಿನ ಒಣ ಬಿರುಕುಗಳಲ್ಲಿ ಹಿಂಗಿಹೋಗುತ್ತಿತ್ತು. ನೀರು ಹುಡುಕಲು ಅಂತ ಹೊಡೆಸಿದ ಬೋರು ಬಾವಿಗೆ ಮೋರಿಯಾಯಿತು. ಬಾವಿಯ ತಳಕ್ಕಿಂತ ಕೆಳಗಿನವರೆಗೆ ಪೈಪು ಇಳಿಸಿ, ಅದರ ಸುತ್ತ ಸಿಮೆಂಟು ತುಂಬಿಸಿದ್ದರೆ ಇದು ಆಗುತ್ತಿರಲಿಲ್ಲ. ನಲವತ್ತು ಅಡಿ ಪೈಪಿನ ದುಡ್ಡು ಉಳಿಸಿ ಅರವತ್ತು ನಿಂಬೆ ಗಿಡ ಒಣಗಿಸಿದೆ.

ಆದ್ದರಿಂದ ಮೊದಲು ನಿಮ್ಮದೇ ಬೋರ್ ನೋಡಿ. ನಡುಮಧ್ಯಾಹ್ನ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಡಿ. ಗೋಡೆಯಿಂದ ನೀರು ಜಿನುಗುವುದು ಕಾಣುತ್ತದೆ. ಕಂಡರೆ ತುಂಬಿಸಿ ಬಿಡಿ. ನಾನು ಕೆಳಗೆ ಕಲ್ಲು, ಜಿಗಟು ಮಣ್ಣು, ಮೇಲಿನ 80 ಅಡಿಗೆ ಸಿಮೆಂಟು ಹಾಕಿಸಿದೆ. ಕಾಣದಿದ್ದರೂ ಬಾಯಿ ಮುಚ್ಚಿಸಿ. 2024ರ ಏಪ್ರಿಲ್‌ನಲ್ಲಿ ನಮ್ಮ ತಾಲ್ಲೂಕಿನ ಲಚ್ಯಾಣದಲ್ಲಿ ಕೂಸು ಬಿದ್ದದ್ದು ತೆರೆದ ಬೋರಿಗೇ. ಸುಮಾರು ಇಪ್ಪತ್ತು ತಾಸಿನ ಮೇಲೆ ಜೀವಂತ ಸಿಕ್ಕಿತು, ಪುಣ್ಯ.

'ಎಷ್ಟು ಆಳ' ಅಂತ ಕೇಳುವುದನ್ನು ಬಿಡಿ. ಪಕ್ಕದವರಿಗೆ ಎಷ್ಟು ಅಡಿಯಲ್ಲಿ ನೀರು ಬಿತ್ತು, ಕೇಸಿಂಗ್ ಎಷ್ಟು ಇಳಿಸಿದರು, ಅದನ್ನು ಕೇಳಿ. ನಾನು ಕೇಳಿದ್ದು ಎಳ್ಳ ಅಮಾಸಿಗೆ, ಹೊಲಕ್ಕೆ ಚೆಲ್ಲುವ ಚರಗದ ಬುತ್ತಿ ಹಿಡಿದುಕೊಂಡು ಬದು ದಾಟಿ ಹೋದಾಗ. ಕಾಕಾ ಎಪ್ಪತ್ತು ಅಡಿ ಪೈಪು ಇಳಿಸಿದ್ದರು.